ಕಂಪ್ಯೂಟರ್ ಕಂಪನಿಗಳನ್ನ ಹೋಲಿಸೋದು ಹೇಗೆ: ಅಪ್‌ಗ್ರೇಡ್, ವಾರಂಟಿ, ಸಪೋರ್ಟ್ ಮೂರನ್ನೂ ದುಡ್ಡು ಕೊಡೋ ಮುಂಚೆನೇ ನೋಡ್ಕೊಳ್ಳಿ

ಮನೆಗೊಂದು ಕಂಪ್ಯೂಟರ್ ತಗೋಬೇಕು, ಯಾವ ಕಂಪನಿದು ಒಳ್ಳೇದು ಅಂತ ಕೇಳಿದ್ರೆ ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಒಬ್ರಿಗೆ ಡೆಲ್ ಬಿಟ್ರೆ ಬೇರೆ ಬೇಡ, ಇನ್ನೊಬ್ರು ಎಚ್‌ಪಿ ಅಂದ್ರೆ ಮುಖ ಸಿಂಡರಿಸ್ತಾರೆ, ಮತ್ತೊಬ್ರು ಆಪಲ್ ತಗೊಂಡು ಐದು ವರ್ಷದಿಂದ ಆರಾಮಾಗಿದೀನಿ ಅಂತಾರೆ. ಯಾರೂ ಸುಳ್ಳು ಹೇಳ್ತಿಲ್ಲ, ಆದ್ರೆ ಅವ್ರು ಹೇಳ್ತಿರೋದು ಅವ್ರ ಕೈಲಿರೋ ಆ ಒಂದು ಮಷಿನ್ ಬಗ್ಗೆ ಅಷ್ಟೆ. ಒಂದೇ ಕಂಪನಿ ಒಳಗೇ ಒಂದು ಮಾಡೆಲ್‌ಗೂ ಇನ್ನೊಂದಕ್ಕೂ ಅಜಗಜಾಂತರ ಇರತ್ತೆ, ಹಾಗಾಗಿ ಕಂಪನಿ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ, ನೀವು ತಗೊಳ್ಳೋ ಮಾಡೆಲ್ ನಂಬರ್ ಹಿಡ್ಕೊಂಡು ಹುಡುಕಿ. ಹೇಗೆ ಹುಡುಕೋದು ಅನ್ನೋದನ್ನೇ ಇಲ್ಲಿ ಬರೀತಿದೀನಿ.

ಇದನ್ನ ನಾನು ಕಲಿತಿದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷದ ಹಿಂದೆ ಒಂದು ಲ್ಯಾಪ್‌ಟಾಪ್ ತಗೊಂಡೆ, 8 ಜಿಬಿ ರ‍್ಯಾಮ್ (ಕೆಲಸ ಮಾಡುವಾಗ ಬಳಸೋ ಮೆಮೊರಿ) ಇತ್ತು, ಈಗ ಇದು ಸಾಕು ಆಮೇಲೆ ಬೇಕಾದ್ರೆ ಇನ್ನೊಂದು 8 ಹಾಕಿಸ್ಕೊಂಡ್ರಾಯ್ತು ಅಂತ ಲೆಕ್ಕ ಹಾಕಿದ್ದೆ. ಎರಡು ವರ್ಷ ಆದ್ಮೇಲೆ ಬ್ರೌಸರಲ್ಲಿ ಹತ್ತು ಟ್ಯಾಬ್ ತೆಗೆದ್ರೆ ಸಾಕು ತಿಣುಕಾಡೋಕೆ ಶುರು ಮಾಡ್ತು. ಹೊಸ ರ‍್ಯಾಮ್ ತಂದಿಟ್ಕೊಂಡು, ಕೆಳಗಿನ ರಬ್ಬರ್ ಪಟ್ಟಿ ಕಿತ್ತು, ಅದರ ಕೆಳಗೆ ಅಡಗಿದ್ದ ಸ್ಕ್ರೂನೂ ಸೇರಿಸಿ ಎಲ್ಲಾ ಬಿಚ್ಚಿ, ಹಳೇ ಪ್ಲಾಸ್ಟಿಕ್ ಕಾರ್ಡೊಂದನ್ನ ಅಂಚಿಗೆ ತೂರಿಸಿ ಕಟಕ್ ಕಟಕ್ ಅಂತ ಕವರ್ ಬಿಡಿಸಿ ನೋಡ್ತೀನಿ, ರ‍್ಯಾಮ್ ಕೂರಿಸೋ ಸ್ಲಾಟೇ ಇಲ್ಲ. ಪ್ರೊಸೆಸರ್ ಪಕ್ಕದಲ್ಲಿ ನಾಲ್ಕು ಕಪ್ಪು ಚಿಪ್‌ಗಳು ಮುಖ್ಯ ಬೋರ್ಡಿಗೇ (ಮದರ್‌ಬೋರ್ಡ್) ಬೆಸುಗೆ ಆಗಿ ಕೂತಿವೆ, ಅವೇ ರ‍್ಯಾಮ್. ತಂದಿದ್ದ ರ‍್ಯಾಮ್ ಕೈಯಲ್ಲೇ ಉಳೀತು. ಅವತ್ತು ಐದು ನಿಮಿಷ ಹುಡುಕಿದ್ರೆ ತಗೊಳ್ಳೋ ಮುಂಚೆನೇ ಗೊತ್ತಾಗ್ತಿತ್ತು, ಆ ಐದು ನಿಮಿಷ ಎಲ್ಲಿ ಹಾಕ್ಬೇಕು ಅಂತ ಗೊತ್ತಿರ್ಲಿಲ್ಲ ಅಷ್ಟೆ.

ಅಪ್‌ಗ್ರೇಡ್ ವಿಷಯಕ್ಕೆ ಮೊದಲು ಮಾಡ್ಬೇಕಾದ ಕೆಲಸ, ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡ್ಕೊಳ್ಳೋದು. ಇದು ರಿಪೇರಿಯವ್ರಿಗೆ ಅಂತ ಕಂಪನಿನೇ ಬರೆದಿರೋ ಪುಸ್ತಕ, ಯಾವ ಸ್ಕ್ರೂ ಎಲ್ಲಿದೆ, ಯಾವ ಪಾರ್ಟ್ ತೆಗೀಬಹುದು ಅಂತ ಚಿತ್ರ ಸಮೇತ ಇರತ್ತೆ. ಡೆಲ್‌ನಲ್ಲಿ ಸರ್ವಿಸ್ ಮ್ಯಾನ್ಯುಯಲ್ ಅಂತಾನೇ ಇರತ್ತೆ, ಎಚ್‌ಪಿಯಲ್ಲಿ ಮೇಂಟೆನೆನ್ಸ್ ಅಂಡ್ ಸರ್ವಿಸ್ ಗೈಡ್, ಲೆನೊವೊದಲ್ಲಿ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್. ಈ ಮೂರೂ ಕಂಪನಿ ತಮ್ಮ ಸಪೋರ್ಟ್ ಪೇಜಲ್ಲೇ ಫ್ರೀಯಾಗಿ ಇಡ್ತವೆ, ಕೊಂಡಿರಲೇಬೇಕು ಅಂತೇನಿಲ್ಲ. ಪಿಡಿಎಫ್ ತೆಗೆದು ಮೆಮೊರಿ ಅಂತ ಹುಡುಕಿ. ಮೆಮೊರಿ ಮಾಡ್ಯೂಲ್ ತೆಗೆಯೋದು, ಹಾಕೋದು ಅಂತ ಒಂದು ಅಧ್ಯಾಯ ಇದ್ರೆ ಸ್ಲಾಟ್ ಇದೆ ಅಂತ. ಅಂಥ ಅಧ್ಯಾಯನೇ ಇಲ್ಲ, ರ‍್ಯಾಮ್ ಸಿಸ್ಟಂ ಬೋರ್ಡಿನ ಭಾಗ ಅಂತ ಬರೆದಿದ್ರೆ ಅಲ್ಲಿಗೆ ಮುಗೀತು, ಇವತ್ತು ಎಷ್ಟಿದೆಯೋ ಕೊನೇತನಕ ಅಷ್ಟೆ. ಲೆನೊವೊದವ್ರದ್ದು ಪಿಎಸ್‌ರೆಫ್ ಅಂತ ಒಂದು ಸೈಟೂ ಇದೆ, ಪ್ರತಿ ಮಾಡೆಲ್‌ಗೂ ಎಷ್ಟು ಸ್ಲಾಟು, ಗರಿಷ್ಠ ಎಷ್ಟು ಮೆಮೊರಿ, ಬೆಸುಗೆ (ಸೋಲ್ಡರ್) ಹಾಕಿದ್ದಾ ಇಲ್ವಾ ಅಂತ ನೇರವಾಗಿ ಬರೆದಿರ್ತಾರೆ. ನನಗಂತೂ ಎಲ್ಲಾ ಕಂಪನಿನೂ ಇಂಥದ್ದೊಂದು ಇಡ್ಬೇಕು ಅನ್ಸತ್ತೆ.

ಸ್ಪೆಸಿಫಿಕೇಶನ್ ಪಟ್ಟೀಲಿ ಇನ್ನೊಂದು ಸುಳಿವಿದೆ. ಎಲ್‌ಪಿಡಿಡಿಆರ್4 ಅಥವಾ ಎಲ್‌ಪಿಡಿಡಿಆರ್5 ಅಂತ (ಇವು ರ‍್ಯಾಮಿನ ಬಗೆಗಳು) ಇದ್ರೆ ಹೆಚ್ಚುಕಮ್ಮಿ ಖಂಡಿತ ಬೆಸುಗೆ ಹಾಕಿದ್ದೇ. ಬರೀ ಡಿಡಿಆರ್4, ಡಿಡಿಆರ್5 ಅಂತಿದ್ರೆ ಸ್ಲಾಟ್ ಇರೋ ಸಾಧ್ಯತೆ ಇದೆ, ಆದ್ರೆ ಅದನ್ನೇ ನಂಬ್ಕೊಂಡು ಕೂರೋಕಾಗಲ್ಲ, ಯಾಕಂದ್ರೆ ಅರ್ಧ ಬೆಸುಗೆ ಅರ್ಧ ಸ್ಲಾಟ್ ಅನ್ನೋ ಮಾಡೆಲ್‌ಗಳೂ ಇವೆ. ಬೋರ್ಡಲ್ಲಿ 8, ಸ್ಲಾಟಲ್ಲಿ 8 ಇರತ್ತೆ, ಸ್ಲಾಟಿಂದು ಮಾತ್ರ ಬದಲಾಯಿಸಬಹುದು. ಲೆನೊವೊ ಥಿಂಕ್‌ಪ್ಯಾಡ್ ಟಿ14 ಮೊದಲ ಕೆಲವು ಪೀಳಿಗೆಗಳು ಹೀಗೇ ಇದ್ವು, ಅದೇ ಥಿಂಕ್‌ಪ್ಯಾಡ್ ಹೆಸರಿನ ಎಕ್ಸ್1 ಕಾರ್ಬನ್‌ನಲ್ಲಿ ಪೂರ್ತಿ ಬೆಸುಗೆ. ಡೆಲ್‌ನಲ್ಲೂ ಎಕ್ಸ್‌ಪಿಎಸ್ 13ರಲ್ಲಿ ರ‍್ಯಾಮ್ ಮುಟ್ಟೋಕಾಗಲ್ಲ, ಆದ್ರೆ ದಪ್ಪಗಿರೋ ಎಷ್ಟೋ ಇನ್‌ಸ್ಪಿರಾನ್‌ಗಳಲ್ಲಿ ಎರಡು ಸ್ಲಾಟ್ ಇರ್ತವೆ. ಆಸುಸ್‌ನಲ್ಲಿ ತೆಳ್ಳಗಿನ ಜೆನ್‌ಬುಕ್‌ಗಳು ಸಾಮಾನ್ಯವಾಗಿ ಬೆಸುಗೆ, ಗೇಮಿಂಗ್ ಲೈನಲ್ಲಿ ಸ್ಲಾಟ್ ಸಿಗೋದು ಜಾಸ್ತಿ. ಕಂಪನಿ ಒಂದೇ, ಒಳಗಿನ ಕಥೆ ಬೇರೆಬೇರೆ.

ಆಪಲ್ ಬಗ್ಗೆ ಗೊಂದಲನೇ ಬೇಡ. 2020ರ ನವೆಂಬರಲ್ಲಿ ಎಂ1 ಬಂದಾಗಿಂದ ಅವರ ಸ್ವಂತ ಚಿಪ್ಪಿನ ಮ್ಯಾಕ್‌ಗಳಲ್ಲಿ ಮೆಮೊರಿ ಪ್ರೊಸೆಸರ್ ಪ್ಯಾಕೇಜ್ ಒಳಗೇ ಬರತ್ತೆ, 2023ರ ದೊಡ್ಡ ಮ್ಯಾಕ್ ಪ್ರೊನಲ್ಲೂ ರ‍್ಯಾಮ್ ಹೆಚ್ಚಿಸೋಕೆ ದಾರಿ ಇಲ್ಲ. ಹಾಗಾಗಿ ಮ್ಯಾಕ್ ತಗೊಳ್ಳೋರು ಇವತ್ತಿಗೆ ಎಷ್ಟು ಬೇಕು ಅಂತಲ್ಲ, ಐದಾರು ವರ್ಷ ಆದ್ಮೇಲೆ ಎಷ್ಟು ಬೇಕಾಗತ್ತೆ ಅಂತ ಯೋಚಿಸಿ ಈಗ್ಲೇ ತಗೋಬೇಕು. ಇದರ ಪೂರ್ತಿ ವಿರುದ್ಧ ದಿಕ್ಕಲ್ಲಿರೋದು ಫ್ರೇಮ್‌ವರ್ಕ್, 2021ರಲ್ಲಿ ಮೊದಲ ಲ್ಯಾಪ್‌ಟಾಪ್ ತಂದ್ರು, ಬಾಕ್ಸ್ ಜೊತೆಗೇ ಸ್ಕ್ರೂಡ್ರೈವರ್ ಕೊಡ್ತಾರೆ, ಪ್ರತಿ ಪಾರ್ಟ್ ಮೇಲೂ ಕ್ಯೂಆರ್ ಕೋಡ್ ಇರತ್ತೆ, ಮೇನ್‌ಬೋರ್ಡನ್ನೇ ಬದಲಾಯಿಸಿ ಹಳೇ ಲ್ಯಾಪ್‌ಟಾಪಿಗೆ ಹೊಸ ಪ್ರೊಸೆಸರ್ ಕೂರಿಸಬಹುದು. ಆದ್ರೆ ಅದೇ ಕಂಪನಿ 2025ರಲ್ಲಿ ಒಂದು ಡೆಸ್ಕ್‌ಟಾಪ್ ತಂದಾಗ ಅದ್ರಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ರು. ಅದಕ್ಕೇ ಹೇಳಿದ್ದು, ಹೆಸರು ನೋಡಿ ಕಣ್ಣು ಮುಚ್ಕೊಂಡು ನಂಬ್ಬೇಡಿ ಅಂತ. ಇನ್ನು ಫ್ರೇಮ್‌ವರ್ಕ್ ಎಲ್ಲಾ ದೇಶಕ್ಕೂ ಕಳಿಸಲ್ಲ, ನಿಮ್ಮಲ್ಲಿ ಸಿಗತ್ತಾ ನೋಡ್ಕೊಳ್ಳಿ.

ಈಗಾಗ್ಲೇ ವಿಂಡೋಸ್ ಮಷಿನ್ ಕೈಯಲ್ಲಿದ್ರೆ ಅಥವಾ ಡಿಸ್‌ಪ್ಲೇಗೆ ಇಟ್ಟಿರೋದನ್ನ ಮುಟ್ಟೋಕೆ ಬಿಟ್ರೆ, ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಮೇಲೆ ಕ್ಲಿಕ್ ಮಾಡಿ. ಕೆಳಗೆ ಸ್ಲಾಟ್ಸ್ ಯೂಸ್ಡ್ ಅಂತ ಒಂದು ಸಾಲಿದೆ, ಎರಡರಲ್ಲಿ ಒಂದು ಅಂತ ತೋರಿಸಿದ್ರೆ ಇನ್ನೊಂದು ಖಾಲಿ ಇದೆ ಅಂತ. ಅದರ ಪಕ್ಕ ಫಾರ್ಮ್ ಫ್ಯಾಕ್ಟರ್ ಇರತ್ತೆ, ಎಸ್‌ಒಡಿಐಎಂಎಂ ಅಂದ್ರೆ ತೆಗೆದು ಹಾಕೋ ಪಟ್ಟಿ, ರೋ ಆಫ್ ಚಿಪ್ಸ್ ಅಂದ್ರೆ ಬೆಸುಗೆ. ಹತ್ತು ಸೆಕೆಂಡಿನ ಕೆಲಸ. ಮತ್ತೆ ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರಲ್ಲ, ಮಧ್ಯದ ಕಚ್ಚು ಇರೋ ಜಾಗನೇ ಬೇರೆ, ಒತ್ತಿ ಕೂರಿಸೋಕೆ ಹೋಗ್ಬೇಡಿ.

ಎಸ್‌ಎಸ್‌ಡಿ (ಫೈಲ್‌ಗಳು ಉಳಿಯೋ ಡಿಸ್ಕ್) ವಿಷಯ ಅಷ್ಟು ಕಷ್ಟ ಇಲ್ಲ, ವಿಂಡೋಸ್ ಲ್ಯಾಪ್‌ಟಾಪಲ್ಲಿ ಹೆಚ್ಚಿನವು ಎಂ.2 ಅನ್ನೋ ಸ್ಲಾಟಲ್ಲೇ ಇರ್ತವೆ. ಉದ್ದ ಮಾತ್ರ ನೋಡ್ಕೊಳ್ಳಿ, 2280 ಅಂದ್ರೆ 80 ಮಿಲಿಮೀಟರ್, 2242 ಅಂದ್ರೆ 42, 2230 ಅಂದ್ರೆ 30. ಎರಡನೇ ಸ್ಲಾಟ್ ಇದ್ರೆ ತುಂಬಾ ಒಳ್ಳೇದು, ಹಳೇದನ್ನ ತೆಗೀದೇ ಹೊಸದು ಸೇರಿಸಬಹುದು.

ಡೆಸ್ಕ್‌ಟಾಪ್ ಅಂದ್ರೆ ಎಲ್ಲಾ ಬದಲಾಯಿಸಬಹುದು ಅನ್ನೋ ನಂಬಿಕೆ ಇದೆಯಲ್ಲ, ಅದು ಅಸೆಂಬಲ್ ಮಾಡಿದ್ದಕ್ಕೆ ಸರಿ, ಕಂಪನಿ ಡೆಸ್ಕ್‌ಟಾಪಿಗೆ ಪೂರ್ತಿ ಸರಿ ಅಲ್ಲ. ಇಂಟೆಲ್ 1995ರಲ್ಲಿ ಎಟಿಎಕ್ಸ್ ಅಂತ ಒಂದು ಅಳತೆ ಮಾಡ್ತು, ಅದಕ್ಕೆ ಹೊಂದೋ ಕ್ಯಾಬಿನೆಟ್, ಮದರ್‌ಬೋರ್ಡ್, ಪವರ್ ಸಪ್ಲೈ ಯಾವ ಕಂಪನಿದಾದ್ರೂ ಒಂದಕ್ಕೊಂದು ಕೂರತ್ತೆ. ಆದ್ರೆ ಡೆಲ್, ಎಚ್‌ಪಿ, ಲೆನೊವೊ ಮೂರೂ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ತಮ್ಮದೇ ಆಕಾರದ ಬೋರ್ಡು, ತಮ್ಮದೇ ಪವರ್ ಕನೆಕ್ಟರ್ ಹಾಕ್ತಾರೆ. ನಾಳೆ ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂತ ಹೋದ್ರೆ ಪವರ್ ಸಪ್ಲೈ ಸಾಲಲ್ಲ, ದೊಡ್ಡದು ತಂದ್ರೆ ಕನೆಕ್ಟರ್ ಸೇರಲ್ಲ, ಸೇರಿದ್ರೂ ಕ್ಯಾಬಿನೆಟಲ್ಲಿ ಜಾಗ ಇಲ್ಲ. ಮ್ಯಾನ್ಯುಯಲಲ್ಲಿ ಮದರ್‌ಬೋರ್ಡಿನ ಚಿತ್ರ ನೋಡಿ, 24 ಪಿನ್ ಕನೆಕ್ಟರ್ ಕಂಡ್ರೆ ನಿರಾಳ, ಇಲ್ಲಾಂದ್ರೆ ಆ ಮಷಿನ್ ರ‍್ಯಾಮ್ ಎಸ್‌ಎಸ್‌ಡಿ ತನಕ ಮಾತ್ರ ಅಪ್‌ಗ್ರೇಡ್ ಅಂತ ತಿಳ್ಕೊಂಡು ತಗೊಳ್ಳಿ.

ವಾರಂಟಿಗೆ ಬರ್ತೀನಿ, ಇದೇ ಎಲ್ರೂ ಓದದೇ ಬಿಡೋ ಭಾಗ. ಒಂದು ವರ್ಷ ವಾರಂಟಿ, ಮೂರು ವರ್ಷ ವಾರಂಟಿ ಅಂತ ಬರೀ ವರ್ಷ ಎಣಿಸಿದ್ರೆ ಏನೂ ಗೊತ್ತಾಗಲ್ಲ. ಮಷಿನ್ ಕೆಟ್ಟಾಗ ಯಾರು ಎಲ್ಲಿಗೆ ಹೋಗ್ಬೇಕು ಅನ್ನೋದು ಮುಖ್ಯ. ಕ್ಯಾರಿ ಇನ್ ಅಂದ್ರೆ ನೀವೇ ಸರ್ವಿಸ್ ಸೆಂಟರಿಗೆ ಹೊತ್ಕೊಂಡು ಹೋಗ್ಬೇಕು, ಡಿಪೋ ಅಥವಾ ಮೇಲ್ ಇನ್ ಅಂದ್ರೆ ಪ್ಯಾಕ್ ಮಾಡಿ ಕಳಿಸ್ಬೇಕು, ಆನ್‌ಸೈಟ್ ಅಂದ್ರೆ ಟೆಕ್ನಿಶಿಯನ್ ಮನೆಗೆ ಬರ್ತಾರೆ. ಸರ್ವಿಸ್ ಸೆಂಟರ್ ದೂರ ಇರೋರಿಗೆ ಮೂರು ವರ್ಷದ ಕ್ಯಾರಿ ಇನ್‌ಗಿಂತ ಎರಡು ವರ್ಷದ ಆನ್‌ಸೈಟೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಆನ್‌ಸೈಟಲ್ಲೂ ನೆಕ್ಸ್ಟ್ ಬಿಸಿನೆಸ್ ಡೇ ಅಂತ ಬರೆದಿರ್ತಾರೆ, ಅದು ನೀವು ಫೋನ್ ಮಾಡಿದ ಮಾರನೇ ದಿನ ಅಂತ ಅಲ್ಲ, ಫೋನಲ್ಲಿ ಪರೀಕ್ಷೆ ಎಲ್ಲಾ ಮುಗಿದು ಇದು ಹಾರ್ಡ್‌ವೇರ್ ತೊಂದರೆನೇ ಅಂತ ಅವ್ರು ಒಪ್ಕೊಂಡ ಮಾರನೇ ಕೆಲಸದ ದಿನ, ಅದೂ ಪಾರ್ಟ್ ಸಿಕ್ಕಿದ್ರೆ.

ಆಮೇಲೆ ಬ್ಯಾಟರಿ. ಮಷಿನ್‌ಗೆ ಮೂರು ವರ್ಷ ಇದ್ರೂ ಬ್ಯಾಟರಿಗೆ ಎಷ್ಟೋ ಕಡೆ ಒಂದೇ ವರ್ಷ ಇರತ್ತೆ, ಬಳಸಿ ಬಳಸಿ ಸವೆದಿದ್ದನ್ನ ಕೆಟ್ಟಿದ್ದು ಅಂತ ಲೆಕ್ಕ ಹಾಕಲ್ಲ. ಬಿದ್ದು ಒಡೆದಿದ್ದು, ನೀರು ಚೆಲ್ಲಿದ್ದು ಮಾಮೂಲಿ ವಾರಂಟೀಲಿ ಬರಲ್ಲ, ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ಪ್ಲಾನ್. ಮಕ್ಕಳು ಬ್ಯಾಗಲ್ಲಿಟ್ಕೊಂಡು ಓಡಾಡೋ ಲ್ಯಾಪ್‌ಟಾಪಿಗೆ ಅದು ಬೇಕು, ಮೇಜು ಬಿಟ್ಟು ಕದಲದ ಡೆಸ್ಕ್‌ಟಾಪಿಗೆ ಬೇಡ. ವಾರಂಟಿ ಶುರುವಾಗೋ ತಾರೀಕೂ ನೋಡಿ, ಕೆಲವು ಸಲ ಕಂಪನಿ ರೆಕಾರ್ಡಲ್ಲಿ ಫ್ಯಾಕ್ಟರಿಯಿಂದ ಹೊರಟ ದಿನ ಇರತ್ತೆ, ಅಂಗಡೀಲಿ ನಾಲ್ಕು ತಿಂಗಳು ಕೂತಿದ್ದ ಮಷಿನ್ ಆದ್ರೆ ಆ ನಾಲ್ಕು ತಿಂಗಳು ನಿಮ್ಮ ಲೆಕ್ಕದಲ್ಲೇ ಹೋಗಿರತ್ತೆ. ಡೆಲ್ ಆದ್ರೆ ಏಳು ಅಕ್ಷರದ ಸರ್ವಿಸ್ ಟ್ಯಾಗ್, ಬೇರೆಯವ್ರಲ್ಲಿ ಸೀರಿಯಲ್ ನಂಬರ್, ಅದನ್ನ ಕಂಪನಿ ಸೈಟಲ್ಲಿ ಹಾಕಿದ್ರೆ ಮುಗಿಯೋ ತಾರೀಕು ಬರತ್ತೆ. ತಪ್ಪಿದ್ರೆ ಬಿಲ್ ಕಳಿಸಿ ಸರಿ ಮಾಡಿಸ್ಬೇಕು, ಇದನ್ನ ಮೊದಲ ವಾರದಲ್ಲೇ ಮಾಡಿ. ಬಿಲ್ಲಿನ ಕಾಗದದ ಮೇಲಿನ ಶಾಯಿ ಅಳಿಸಿ ಹೋಗತ್ತೆ, ಫೋಟೋ ತೆಗೆದಿಟ್ಕೊಳ್ಳಿ. ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ಕೂಡ ದುಡ್ಡು ಕೊಡೋ ಮುಂಚೆ ಈ ನಂಬರ್ ಇಸ್ಕೊಂಡು ನೋಡ್ಲೇಬೇಕು.

ಎಕ್ಸ್‌ಟೆಂಡೆಡ್ ವಾರಂಟಿ ಅಂತ ಮಾರುವವರು ಕೇಳಿದ್ರೆ ಒಂದೇ ಪ್ರಶ್ನೆ ಹಾಕಿ, ಇದು ಕಂಪನಿದಾ ನಿಮ್ಮದಾ ಅಂತ. ಕಂಪನಿದಾದ್ರೆ ಸೀರಿಯಲ್ ನಂಬರ್ ಹಾಕಿದಾಗ ಸೈಟಲ್ಲಿ ಕಾಣ್ಸತ್ತೆ. ಅಂಗಡಿದು ಅಥವಾ ಇನ್ಶೂರೆನ್ಸ್ ಕಂಪನಿದಾದ್ರೆ ಕಾಣಲ್ಲ, ರಿಪೇರಿ ಮಾಡೋರೂ ಬೇರೆ, ಷರತ್ತೂ ಬೇರೆ.

ಕವರ್ ಬಿಚ್ಚಿದ್ರೆ ವಾರಂಟಿ ಹೋಗತ್ತಾ? ತುಂಬಾ ಜನ ಕೇಳೋ ಪ್ರಶ್ನೆ ಇದು. ಅಮೆರಿಕದಲ್ಲಿ 1975ರ ಒಂದು ಕಾನೂನು, ಮ್ಯಾಗ್ನಸನ್ ಮಾಸ್ ವಾರಂಟಿ ಆಕ್ಟ್ ಅಂತ, ಅದರ ಪ್ರಕಾರ ಬೇರೆಯವ್ರ ಪಾರ್ಟ್ ಹಾಕಿದ್ದಕ್ಕೆ, ಬೇರೆ ಕಡೆ ರಿಪೇರಿ ಮಾಡಿಸಿದ್ದಕ್ಕೆ ಅಂತ ಸುಮ್ನೆ ವಾರಂಟಿ ರದ್ದು ಮಾಡೋ ಹಾಗಿಲ್ಲ. 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಸ್ಟಿಕ್ಕರ್ ಕಿತ್ರೆ ವಾರಂಟಿ ಇಲ್ಲ ಅಂತೆಲ್ಲಾ ಹೇಳ್ತಿದ್ದ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸ್ತು. ಯುರೋಪಿಯನ್ ಯೂನಿಯನ್‌ನಲ್ಲಿ ಹೊಸ ವಸ್ತುವಿಗೆ ಕನಿಷ್ಠ ಎರಡು ವರ್ಷ ಮಾರಿದವರೇ ಜವಾಬ್ದಾರಿ ಹೊರ್ಬೇಕು, ಕಂಪನಿ ಕೊಡೋ ವಾರಂಟಿ ಅದರ ಮೇಲೆ ಹೆಚ್ಚುವರಿ. ಫ್ರಾನ್ಸಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್‌ಗಳಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಎಷ್ಟು ಅಂಕ ಅನ್ನೋದನ್ನ ತೋರಿಸ್ಲೇಬೇಕು. ನೀವು ಎಲ್ಲೇ ಇರಿ, ನಿಮ್ಮ ಮಾಡೆಲ್‌ಗೆ ಆ ಅಂಕ ಎಷ್ಟು ಬಂದಿದೆ ಅಂತ ಹುಡುಕಿ ನೋಡಬಹುದು, ಐಫಿಕ್ಸಿಟ್‌ನವ್ರು (ರಿಪೇರಿ ಗೈಡ್ ಬರೆಯೋ ಸೈಟು) ಬಿಚ್ಚಿ ನೋಡಿ ಕೊಡೋ ಅಂಕನೂ ಹಾಗೇ ಉಪಯೋಗಕ್ಕೆ ಬರತ್ತೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ ಇರೋದ್ರಿಂದ ರ‍್ಯಾಮ್ ಹಾಕೋ ಮುಂಚೆ ಕಂಪನಿಯನ್ನೇ ಕೇಳಿ, ಬರವಣಿಗೇಲಿ ಉತ್ತರ ತಗೊಳ್ಳಿ. ಲೆನೊವೊ ಎಚ್‌ಪಿ ಮ್ಯಾನ್ಯುಯಲ್‌ಗಳಲ್ಲಿ ಗ್ರಾಹಕರೇ ಬದಲಾಯಿಸಬಹುದಾದ ಪಾರ್ಟ್ ಯಾವ್ದು, ಟೆಕ್ನಿಶಿಯನ್ ಮಾತ್ರ ಮುಟ್ಟಬೇಕಾದ್ದು ಯಾವ್ದು ಅಂತ ಬೇರೆ ಮಾಡಿ ಬರೆದಿರ್ತಾರೆ. ಒಂದು ಮಾತು, ಬಿಚ್ಚುವಾಗ ನೀವೇ ಏನಾದ್ರೂ ಮುರಿದ್ರೆ ಅದು ಸಾಮಾನ್ಯವಾಗಿ ಕಂಪನಿ ತಲೆ ಮೇಲೆ ಬರಲ್ಲ.

ಇನ್ನು ಸಪೋರ್ಟ್. ಇದನ್ನ ಜಾಹೀರಾತು ನೋಡಿ ತಿಳಿಯೋಕಾಗಲ್ಲ, ಪರೀಕ್ಷೆ ಮಾಡ್ಬೇಕು. ನಾನು ಮಾಡೋದು ಹೀಗೆ: ಕೊನೇಗೆ ಎರಡೋ ಮೂರೋ ಮಾಡೆಲ್ ಉಳಿದಾಗ ಆ ಕಂಪನಿಗಳ ಸಪೋರ್ಟ್ ಚಾಟ್ ತೆಗೆದು, ಸೇಲ್ಸ್ ಅಲ್ಲ ಸಪೋರ್ಟ್, ಒಂದೇ ಪ್ರಶ್ನೆ ಎಲ್ರಿಗೂ ಹಾಕ್ತೀನಿ. ಈ ಮಾಡೆಲಲ್ಲಿ ಎಷ್ಟು ಮೆಮೊರಿ ಸ್ಲಾಟ್ ಇದೆ, ನಾನೇ ಹಾಕಿದ್ರೆ ವಾರಂಟಿಗೆ ತೊಂದರೆ ಇದೆಯಾ ಅಂತ. ಉತ್ತರ ಮ್ಯಾನ್ಯುಯಲ್ ಓದಿ ನನಗಾಗ್ಲೇ ಗೊತ್ತಿರತ್ತೆ. ಎಷ್ಟು ಹೊತ್ತಿಗೆ ಮನುಷ್ಯರು ಮಾತಿಗೆ ಸಿಕ್ಕಿದ್ರು, ಸರಿ ಉತ್ತರ ಕೊಟ್ರಾ, ಗೊತ್ತಿಲ್ದೇ ಇದ್ರೆ ವಿಚಾರಿಸಿ ಹೇಳ್ತೀನಿ ಅಂದ್ರಾ ಅಥವಾ ಬಾಯಿಗೆ ಬಂದಿದ್ದು ಹೇಳಿ ಕಳಿಸಿದ್ರಾ ಅಂತ ಬರೆದಿಟ್ಕೋತೀನಿ. ವಾರದ ದಿನ ಒಂದು ಸಲ, ಭಾನುವಾರ ಒಂದು ಸಲ ಮಾಡಿದ್ರೆ ಇನ್ನೂ ಒಳ್ಳೇದು, ಮನೆ ಕಂಪ್ಯೂಟರ್ ನಮಗೆ ಬೇಕಾಗೋದೇ ರಜಾ ದಿನ. ಕೆಲವರು ಸೀರಿಯಲ್ ನಂಬರ್ ಇಲ್ದೇ ಮಾತೇ ಆಡಲ್ಲ, ಆಗ ಆ ಕಂಪನಿ ಮಷಿನ್ ಇರೋ ನೆಂಟರ ಹತ್ರ ಕೇಳಿ ಅವರ ಕೈಲೇ ಚಾಟ್ ಮಾಡಿಸಿ.

ಇದಕ್ಕಿಂತಲೂ ನನಗೆ ನಂಬಿಕೆ ಇರೋ ಪರೀಕ್ಷೆ ಇನ್ನೊಂದಿದೆ. ನೀವು ತಗೋಬೇಕು ಅಂತಿರೋ ಮಾಡೆಲ್‌ನ ನಾಲ್ಕೈದು ವರ್ಷ ಹಳೇ ಅಣ್ಣನನ್ನ ಹುಡುಕಿ, ಅಂದ್ರೆ ಅದೇ ಲೈನಿನ ಹಳೇ ಮಾಡೆಲ್. ಅದರ ಡ್ರೈವರ್ ಪೇಜಿಗೆ ಹೋಗಿ ಬಯೋಸ್ (ಮಷಿನ್ ಆನ್ ಆಗುವಾಗ ಮೊದಲು ಓಡೋ ಸಾಫ್ಟ್‌ವೇರ್) ಕೊನೇ ಸಲ ಯಾವಾಗ ಅಪ್‌ಡೇಟ್ ಆಗಿದೆ ನೋಡಿ. ಹೋದ ವರ್ಷದ ತಾರೀಕಿದ್ರೆ ಕಂಪನಿ ಮಾರಿದ ಮೇಲೂ ನೋಡ್ಕೋತಿದೆ ಅಂತ. ಮಾರಿ ಒಂದೂವರೆ ವರ್ಷಕ್ಕೇ ನಿಂತು ಹೋಗಿದ್ರೆ ನಿಮ್ಮದಕ್ಕೂ ಅದೇ ಗತಿ ಅಂತ ತಿಳ್ಕೊಳ್ಳಿ. ಹಾಗೇ ಆ ಹಳೇ ಮಾಡೆಲ್‌ಗೆ ಒರಿಜಿನಲ್ ಬ್ಯಾಟರಿ, ಕೀಬೋರ್ಡ್, ಸ್ಕ್ರೀನಿನ ಹಿಂಜ್ ಇವತ್ತಿಗೂ ಸಿಗತ್ತಾ ಅಂತ ಪಾರ್ಟ್ ನಂಬರ್ ಹಾಕಿ ಹುಡುಕಿ. ಆಫೀಸ್‌ಗಳಿಗೆ ಅಂತ ಮಾಡೋ ಲೈನುಗಳು, ಡೆಲ್ ಲ್ಯಾಟಿಟ್ಯೂಡ್ (2025ರಿಂದ ಡೆಲ್ ಪ್ರೊ), ಎಚ್‌ಪಿ ಎಲೈಟ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್, ಇವಕ್ಕೆ ಸಾಮಾನ್ಯವಾಗಿ ಪಾರ್ಟ್ಸ್ ಹೆಚ್ಚು ವರ್ಷ ಸಿಗತ್ತೆ, ಯಾಕಂದ್ರೆ ಸಾವಿರಗಟ್ಟಲೆ ಒಟ್ಟಿಗೆ ಕೊಳ್ಳೋ ಕಂಪನಿಗಳು ಅದನ್ನ ಕೇಳಿ ತಗೋತವೆ. ಆಪಲ್ ಈ ವಿಷಯದಲ್ಲಿ ಸ್ಪಷ್ಟ, ಮಾರಾಟ ನಿಲ್ಲಿಸಿ ಐದು ವರ್ಷ ದಾಟಿದ್ದು ವಿಂಟೇಜ್ (ಹಳೇದು), ಏಳು ದಾಟಿದ್ದು ಅಬ್ಸಲೀಟ್ (ಕಾಲ ಮುಗಿದದ್ದು) ಅಂತ ಪಟ್ಟಿನೇ ಹಾಕ್ತಾರೆ. ಅವರ ಮಾಮೂಲಿ ವಾರಂಟಿ ಒಂದು ವರ್ಷ, ಫೋನಲ್ಲಿ ಫ್ರೀ ಸಹಾಯ 90 ದಿನ, ಜಾಸ್ತಿ ಬೇಕಂದ್ರೆ ಆಪಲ್‌ಕೇರ್ ಕೊಳ್ಬೇಕು.

ಹಳೇ ಸ್ಟಾಕ್ ಕಡಿಮೆಗೆ ಸಿಗತ್ತೆ ಅಂತ ಹೋಗೋರಿಗೂ ಒಂದು ಮಾತು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್ ಬೇಕು. ಎಷ್ಟೇ ರ‍್ಯಾಮ್ ಸ್ಲಾಟ್ ಇದ್ರೂ ಇದಿಲ್ಲದ ಮಷಿನ್ ಮನೆಗೆ ತರ್ಬೇಡಿ.

ಅಸೆಂಬಲ್ ಮಾಡಿಸೋರಿಗೆ ಕಂಪನಿ ಹೋಲಿಕೆ ಬೇರೆ ಥರ, ಒಂದೊಂದು ಪಾರ್ಟಿಗೂ ಒಂದೊಂದು ವಾರಂಟಿ. ರ‍್ಯಾಮಿಗೆ ಕಿಂಗ್‌ಸ್ಟನ್, ಕ್ರೂಶಿಯಲ್ ಥರದವ್ರು ಲೈಫ್‌ಟೈಮ್ ವಾರಂಟಿ ಕೊಟ್ಟಿದ್ದಾರೆ, ಒಳ್ಳೇ ಪವರ್ ಸಪ್ಲೈಗೆ 10 ವರ್ಷ ಇರತ್ತೆ, ಎಸ್‌ಎಸ್‌ಡಿಗೆ 5 ವರ್ಷ ಇದ್ರೂ ಇಷ್ಟು ಟೆರಾಬೈಟ್ ಬರೆಯೋ ತನಕ ಅಂತ ಮಿತಿ ಇರತ್ತೆ, ಸ್ಯಾಮ್‌ಸಂಗ್ 990 ಪ್ರೊ 1 ಟಿಬಿಗೆ ಅದು 600 ಟೆರಾಬೈಟ್, ಯಾವ್ದು ಮೊದ್ಲು ಮುಗಿಯತ್ತೋ ಅದು. ವಾರಂಟಿ ಉದ್ದ, ಆದ್ರೆ ಯಾವ ಪಾರ್ಟ್ ಕೆಟ್ಟಿದೆ ಅಂತ ಪತ್ತೆ ಹಚ್ಚೋ ಕೆಲಸ ನಿಮ್ಮದೇ. ಅದು ಬರಲ್ಲ, ಮನೇಲಿ ಬೇರೆ ಯಾರಿಗೂ ಬರಲ್ಲ ಅಂದ್ರೆ ಕಂಪನಿ ಮಷಿನ್ ತಗೊಂಡು ಆನ್‌ಸೈಟ್ ಹಾಕಿಸ್ಕೊಳ್ಳೋದೇ ನೆಮ್ಮದಿ.

ತೂಗಿ ನೋಡುವಾಗ ಮೂರಕ್ಕೂ ಒಂದೇ ತೂಕ ಕೊಡ್ಬೇಡಿ. ಡೆಸ್ಕ್‌ಟಾಪ್ ಏಳೆಂಟು ವರ್ಷ ಇಟ್ಕೊಳ್ಳೋರಿಗೆ ಅಪ್‌ಗ್ರೇಡ್ ಮೊದಲು. ಅಪ್ಪ ಅಮ್ಮನಿಗೆ ತೆಗೆದುಕೊಡ್ತಿದ್ರೆ ಸಪೋರ್ಟ್ ಮೊದಲು, ಅವರಿಗೆ ಬರೋ ಭಾಷೇಲಿ ಫೋನ್ ಎತ್ತುತ್ತಾರಾ ಅಂತ ಕೇಳಿ. ಓದೋ ಮಕ್ಕಳಿಗೆ ಆನ್‌ಸೈಟ್ ಮತ್ತೆ ಆಕ್ಸಿಡೆಂಟಲ್ ಕವರ್ ಮೊದಲು, ಪರೀಕ್ಷೆ ಹತ್ರ ಇರುವಾಗ ಎರಡು ವಾರ ಮಷಿನ್ ಡಿಪೋದಲ್ಲಿ ಕೂತ್ರೆ ಆಗೋ ಪೇಚಾಟ ಅನುಭವಿಸಿದವ್ರಿಗೇ ಗೊತ್ತು.

ಮಷಿನ್ ಮನೆಗೆ ಬಂದ ದಿನ ಮಾಡೋ ಕೆಲಸ ಎರಡಿವೆ, ಇದನ್ನ ಮಾತ್ರ ಮುಂದೂಡ್ಬೇಡಿ. ಒಂದು, ಕಂಪನಿದೇ ಹಾರ್ಡ್‌ವೇರ್ ಪರೀಕ್ಷೆ ಓಡಿಸಿ, ಡೆಲ್ ಆದ್ರೆ ಆನ್ ಮಾಡಿದ ತಕ್ಷಣ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್, ಎಚ್‌ಪಿ ಆದ್ರೆ ಎಫ್2. ಏನಾದ್ರೂ ಎರರ್ ಕೋಡ್ ಬಂದ್ರೆ ಫೋಟೋ ತೆಗೀರಿ, ಸಪೋರ್ಟಿನವ್ರು ಮೊದಲು ಕೇಳೋದೇ ಅದನ್ನ, ಅದು ಕೈಲಿದ್ರೆ ಅರ್ಧ ಗಂಟೆ ಫೋನ್ ಉಳಿಯತ್ತೆ. ಸಪೋರ್ಟ್ ನಂಬರನ್ನ ಬಾಕ್ಸ್ ಮೇಲಿಂದ ಅಥವಾ ಕಂಪನಿ ಸೈಟಿಂದಲೇ ತಗೊಂಡು ಇವತ್ತೇ ಸೇವ್ ಮಾಡಿ. ಕೆಟ್ಟಾಗ ಗಾಬರೀಲಿ ಸರ್ಚ್ ಮಾಡಿದ್ರೆ ಮೇಲೆ ಬರೋದು ಎಷ್ಟೋ ಸಲ ಮೋಸಗಾರರ ನಂಬರ್, ರಿಮೋಟ್ ಆ್ಯಪ್ ಹಾಕಿ ಅಂತ ಹೇಳಿ ಬ್ಯಾಂಕ್ ಖಾತೆಗೇ ಕೈ ಹಾಕ್ತಾರೆ.

ಎರಡನೇದು ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಕೊಳ್ಳೋದು, ಬಿಟ್‌ಲಾಕರ್ ಅಂದ್ರೆ ಡಿಸ್ಕಿನ ಫೈಲ್‌ಗಳಿಗೆ ವಿಂಡೋಸ್ ಹಾಕೋ ಬೀಗ. ನಮ್ಮನೇಲಿ ಒಂದ್ಸಲ ಆನ್‌ಸೈಟ್ ವಾರಂಟೀಲಿ ಟೆಕ್ನಿಶಿಯನ್ ಬಂದು ಮದರ್‌ಬೋರ್ಡ್ ಬದಲಾಯಿಸಿದ್ರು, ಕೆಲಸ ಅಚ್ಚುಕಟ್ಟಾಗಿ ಮಾಡಿದ್ರು, ಮಷಿನ್ ಆನ್ ಆಯ್ತು, ನೀಲಿ ಪರದೆ ಬಂದು 48 ಅಂಕಿಯ ನಂಬರ್ ಕೇಳ್ತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಅನ್ನೋದೇ ನಮಗೆ ಗೊತ್ತಿರ್ಲಿಲ್ಲ, ಬೀಗದ ಕೈ ಹಳೇ ಬೋರ್ಡಿನ ಟಿಪಿಎಂ ಒಳಗಿತ್ತು, ಆ ಬೋರ್ಡ್ ಅವರ ಬ್ಯಾಗ್ ಸೇರಿತ್ತು. ಅಕ್ಕನ ಮಗಳ ಪ್ರಾಜೆಕ್ಟ್ ಪೂರ್ತಿ ಅದ್ರಲ್ಲೇ ಇತ್ತು, ಆ ಹುಡುಗಿ ಮುಖ ನೋಡೋಕಾಗ್ತಿರ್ಲಿಲ್ಲ. ಸೆಟಪ್ ಮಾಡುವಾಗ ಯಾವ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ್ವಿ ಅಂತ ನೆನಪು ಮಾಡ್ಕೊಂಡು, ಮೂರು ಮೇಲ್ ಐಡಿ ತಡಕಾಡಿ, ಕೊನೇಗೆ ಒಂದರಲ್ಲಿ ಆ ಕೀ ಸಿಕ್ತು. ವಾರಂಟಿ ಬೋರ್ಡ್ ಕೊಡತ್ತೆ, ಒಳಗಿನ ಫೈಲ್‌ಗೆ ಯಾವ ಕಂಪನಿನೂ ಜವಾಬ್ದಾರಿ ಅಲ್ಲ. ಈಗ ನಮ್ಮನೇಲಿ ಪ್ರತಿ ಮಷಿನ್‌ನ ಆ 48 ಅಂಕಿ, ಸೀರಿಯಲ್ ನಂಬರ್, ವಾರಂಟಿ ಮುಗಿಯೋ ತಾರೀಕು, ಸಪೋರ್ಟ್ ನಂಬರ್ ಒಂದು ಹಾಳೇಲಿ ಬರೆದು ಬೀರೂಲಿ ಬಿಲ್ ಜೊತೆ ಇಟ್ಟಿದೀವಿ. ಆ ಹಾಳೇನ ಮಾತ್ರ ಕಂಪ್ಯೂಟರ್ ಬ್ಯಾಗಲ್ಲಿ ಇಡ್ಬೇಡಿ, ಬ್ಯಾಗ್ ಕಳೆದ್ರೆ ಬೀಗನೂ ಬೀಗದ ಕೈನೂ ಒಟ್ಟಿಗೇ ಹೋಗತ್ತೆ.